ಟ್ಯಾಂಕರ್‌ನವರು ಕೊಟ್ಟ ಲಕೋಟೆ

ಜೆ.ಪಿ. ನಗರದಿಂದ ಬರೆದಿರುವ ಸಹೋದರಿಗೆ,

ದೀಪಾವಳಿಯ ಹೆಸರಲ್ಲಿ ನೀರಿನ ಟ್ಯಾಂಕರ್‌ನವರು ಲಕೋಟೆ ಕೊಟ್ಟಿದ್ದಾರೆ, ‘ಹಿಂದಿನ ಕಾರ್ಯದರ್ಶಿಗಳೂ ತಗೊಂಡಿದ್ದಾರೆ, ಸುಮ್ಮನೆ ಇಟ್ಕೊಳ್ಳಿ’ ಎಂದು ಅಪಾರ್ಟ್‌ಮೆಂಟ್ ಸಮಿತಿಯವರೇ ಹೇಳುತ್ತಿದ್ದಾರೆ ಎಂದಿದ್ದೀರಿ.

ಹಿಂದಿರುಗಿಸಿ, ಇವತ್ತೇ. ಖಜಾಂಚಿಯವರ ಎದುರಿಗೇ ಕೊಟ್ಟು, ಸಮಿತಿಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಒಂದು ಸಾಲು ಹಾಕಿ. ಹಿಂದಿನವರ ಹೆಸರು ಮಾತ್ರ ಎತ್ತಬೇಡಿ. ಎತ್ತಿದರೆ ನೀರಿನ ಲೆಕ್ಕ ಮೂಲೆಗೆ ಸರಿದು ಜಗಳವಷ್ಟೇ ಉಳಿಯುತ್ತದೆ.

ಆ ದುಡ್ಡು ಕೊನೆಗೆ ಬರುವುದು ನಿಮ್ಮ ನೆರೆಹೊರೆಯವರ ಮೇಂಟೆನೆನ್ಸ್ ಹಣದಿಂದಲೇ. ಅವರಲ್ಲಿ ಪಿಂಚಣಿಯಲ್ಲಿ ದಿನ ದೂಡುವ ಹಿರಿಯರೂ ಇರುತ್ತಾರೆ. 12,000 ಲೀಟರ್ ಎಂದು ಬರೆದ ಬಿಲ್ಲಿಗೆ ನಿಜಕ್ಕೂ ಎಷ್ಟು ನೀರು ಬಿತ್ತೆಂದು ನೀವು ಕೇಳಬಾರದು, ಲಕೋಟೆ ಬರುವುದೇ ಅದಕ್ಕೆ. ನೀವು ಕೇಳಿ. ಪೈಪ್ ಬಿಡುವ ಮೊದಲು ನೀರಿನ ಸಂಪಿನೊಳಗೆ ಕೋಲು ಇಳಿಸಿ ಒಂದು ಗುರುತು, ಟ್ಯಾಂಕರ್ ಖಾಲಿಯಾದ ಮೇಲೆ ಇನ್ನೊಂದು. ಸಂಪಿನ ಉದ್ದ, ಅಗಲ ಗೊತ್ತಿದ್ದರೆ ಲೀಟರ್ ಲೆಕ್ಕ ಸಿಕ್ಕಿಬಿಡುತ್ತದೆ. ಗಾಡಿ ನಂಬರ್, ಹೊತ್ತು, ಸಹಿ ಇರುವ ಪುಸ್ತಕ ಗೇಟಿನಲ್ಲಿರಲಿ, ಯಾವ ಮನೆಯವರು ಬೇಕಾದರೂ ತೆರೆದು ನೋಡುವಂತಿರಲಿ.

ದರವನ್ನೂ ಪ್ರಶ್ನಿಸಿ. 2024ರ ಮಾರ್ಚ್‌ನ ನೀರಿನ ಬರದಲ್ಲಿ ಬೆಂಗಳೂರಿನ ಜಿಲ್ಲಾಡಳಿತವೇ 5 ಕಿ.ಮೀ. ಒಳಗಿನ 6,000 ಲೀಟರ್ ಟ್ಯಾಂಕರಿಗೆ 600 ರೂಪಾಯಿ, 12,000 ಲೀಟರಿಗೆ 1,000 ರೂಪಾಯಿ ಎಂದು ದರ ನಿಗದಿಪಡಿಸಬೇಕಾಯಿತು. ಬಾಯಿಗೆ ಬಂದ ದರ ಕೊಟ್ಟು ಜನ ಅಷ್ಟು ಬೇಸತ್ತಿದ್ದರು.

‘ಅವರು ನೀರು ನಿಲ್ಲಿಸಿದರೆ?’ ಎಂಬ ನಿಮ್ಮ ಭಯ ಸುಳ್ಳಲ್ಲ. ಆದರೆ ಬೇಸಿಗೆಗೆ ಇನ್ನೂ ಸಮಯವಿದೆ. ಬನಶಂಕರಿ ಕಡೆಯ ಇನ್ನಿಬ್ಬರು ಟ್ಯಾಂಕರ್‌ನವರ ದರವನ್ನು ಈಗಲೇ ಬರಹದಲ್ಲಿ ತರಿಸಿ, ನೋಟಿಸ್ ಬೋರ್ಡಿಗೆ ಹಚ್ಚಿ.