ಬಾಡಿಗೆ ಮನೆ, ಸ್ವಂತ ಮನೆ, ಭೋಗ್ಯದ ಮನೆ

"ಬಾಡಿಗೆ ಕಟ್ಟಿ ಸಾಕಾಯ್ತು, ಸ್ವಂತ ಸೂರು ಯಾವಾಗ?" ಸ್ವಸಹಾಯ ಸಂಘದ ಸಭೆಗಳಲ್ಲಿ ಈ ಮಾತು ಬರುತ್ತಲೇ ಇರುತ್ತದೆ. ಆದರೆ ದೇಶದ ಲೆಕ್ಕ ನೋಡಿದರೆ ಬಾಡಿಗೆಯವರ ಪಾಲು ಇಳಿಯುತ್ತಾ ಬಂದಿದೆ. 1961ರ ಜನಗಣತಿಯಲ್ಲಿ ಭಾರತದ ಪಟ್ಟಣಗಳಲ್ಲಿ ನೂರಕ್ಕೆ ಸುಮಾರು 54 ಕುಟುಂಬಗಳು ಬಾಡಿಗೆ ಮನೆಯಲ್ಲಿದ್ದವು. 2011ರಲ್ಲಿ ಸುಮಾರು 28.

ಹಾಗಂತ ಎಲ್ಲರಿಗೂ ಮನೆ ಸಿಕ್ಕಿತೆಂದಲ್ಲ. ಬಾಡಿಗೆ ನಿಯಂತ್ರಣ ಕಾಯ್ದೆಗಳಿಗೆ ಹೆದರಿ ಅನೇಕ ಮಾಲೀಕರು ಮನೆಗೆ ಬೀಗ ಹಾಕಿಟ್ಟರು. 2011ರಲ್ಲಿ ನಗರಗಳಲ್ಲಿ ಖಾಲಿ ಇದ್ದ ಮನೆಗಳೇ ಸುಮಾರು 1.1 ಕೋಟಿ! ಜನಗಣತಿಯವರು ಹಕ್ಕುಪತ್ರ ಕೇಳುವುದಿಲ್ಲವಾದ್ದರಿಂದ ಕೊಳೆಗೇರಿಯ ಶೀಟಿನ ಮನೆಯೂ 'ಸ್ವಂತ'ದ ಲೆಕ್ಕಕ್ಕೇ ಸೇರುತ್ತದೆ.

ಬೆಂಗಳೂರು ಕಡೆ ಇನ್ನೊಂದು ದಾರಿಯಿದೆ, ಭೋಗ್ಯ. ಲೀಸ್ ಅಂತಲೂ ಅಂತಾರೆ. ತಿಂಗಳ ಬಾಡಿಗೆ ಇಲ್ಲ; ಲಕ್ಷಗಟ್ಟಲೆ ಹಣ ಒಟ್ಟಿಗೆ ಕೊಟ್ಟು, ಬಿಡುವಾಗ ವಾಪಸ್ ಪಡೆಯೋದು. ಕೇಳೋಕೆ ಚೆಂದ. ಆದರೆ ಮಾಲೀಕರು ಆ ಮನೆಯನ್ನು ಮೊದಲೇ ಬ್ಯಾಂಕಿಗೆ ಅಡವಿಟ್ಟು, ಸಾಲ ಕಟ್ಟದಿದ್ದರೆ? ಬ್ಯಾಂಕು ಮನೆ ವಶಪಡಿಸಿಕೊಳ್ಳುತ್ತದೆ, ನೀವು ದುಡ್ಡಿಗಾಗಿ ಕೋರ್ಟಿಗೆ ಅಲೆಯಬೇಕು.

ಆದ್ದರಿಂದ ಹಣ ಕೊಡುವ ಮುಂಚೆ ಉಪನೋಂದಣಾಧಿಕಾರಿ ಕಚೇರಿಯಿಂದ ಋಣಭಾರ ಪತ್ರ, ಅಂದರೆ ಇ.ಸಿ., ತೆಗೆಸಿ ನೋಡಿ. ಅಷ್ಟು ಸಾಲದು. ಕ್ರಯಪತ್ರವನ್ನು ಬ್ಯಾಂಕಿನಲ್ಲಿಟ್ಟು ಪಡೆದ ಸಾಲ ಕೆಲವೊಮ್ಮೆ ಇ.ಸಿ.ಯಲ್ಲಿ ಕಾಣುವುದಿಲ್ಲ. ಜೆರಾಕ್ಸ್ ಬೇಡ, ಮೂಲಪತ್ರವನ್ನೇ ಕೇಳಿ. ಒಂದು ವರ್ಷ ಮೀರಿದ ಗುತ್ತಿಗೆಯನ್ನು 1908ರ ನೋಂದಣಿ ಕಾಯ್ದೆಯಂತೆ ನೋಂದಾಯಿಸಲೇಬೇಕು. ಎಲ್ಲರೂ 11 ತಿಂಗಳ ಕರಾರು ಬರೆಸೋದು ಇದನ್ನು ತಪ್ಪಿಸೋಕೇ. ಬಾಡಿಗೆಗೆ ಅದು ಪರವಾಗಿಲ್ಲ. ಭೋಗ್ಯಕ್ಕೆ ಮಾತ್ರ ಖರ್ಚಾದರೂ ಸರಿ, ನೋಂದಣಿ ಮಾಡಿಸಿ, ಹಣವನ್ನು ಚೆಕ್ಕಿನಲ್ಲೇ ಕೊಡಿ.