ಸುದ್ದಿ ಬರೆಯುವ ಮಕ್ಕಳಿಗೆ

ಪುತ್ತೂರು, ಸುಳ್ಯ, ಕಡಬದಲ್ಲಿ ಸುದ್ದಿ ಮಾಡಲು ಈಗ ಅಚ್ಚುಕೂಟ ಬೇಕಿಲ್ಲ. ಒಂದು ಫೋನು, ಒಂದು ವಾಟ್ಸಾಪ್ ಗ್ರೂಪು, ಯೂಟ್ಯೂಬಿನಲ್ಲೊಂದು ಚಾನೆಲ್ಲು ಇದ್ದರೆ ನೀವೇ ವರದಿಗಾರರು, ನೀವೇ ಸಂಪಾದಕರು. ಒಳ್ಳೆಯದೇ. ಹೊಂಡ ಬಿದ್ದ ರಸ್ತೆ, ತೋಟಕ್ಕೆ ಇಳಿದ ಆನೆ, ಅರ್ಧಕ್ಕೆ ನಿಂತ ಸಂಕ, ಇವೆಲ್ಲ ದೊಡ್ಡ ಪತ್ರಿಕೆಗಿಂತ ಮೊದಲು ನಿಮ್ಮ ಕಣ್ಣಿಗೆ ಬೀಳುತ್ತವೆ. ಆದರೆ ಮಕ್ಕಳೇ, "ಇದು ಬೇಡ, ಇನ್ನೊಮ್ಮೆ ವಿಚಾರಿಸು" ಎನ್ನುವ ಹಿರಿಯ ನಿಮ್ಮ ಪಕ್ಕದ ಮೇಜಿನಲ್ಲಿಲ್ಲ. ಹಾಗಾಗಿ ಬರೆಯುವ ನಾಲ್ಕು ಜನ ಒಟ್ಟಿಗೆ ಕೂತು, ಒಂದು ಪುಟದ ನಿಯಮವನ್ನು ನೀವೇ ಬರೆದುಕೊಳ್ಳಿ.

ಕಾನೂನು ಇದೆಯಲ್ಲ ಎನ್ನುತ್ತೀರಿ. ಇದೆ. 2021ರ ಫೆಬ್ರವರಿಯಲ್ಲಿ ಕೇಂದ್ರ ಸರಕಾರ ಡಿಜಿಟಲ್ ಸುದ್ದಿಗೂ ನೀತಿಸಂಹಿತೆ ತಂದಿತು. ಆಗಸ್ಟಿನಲ್ಲಿ ಬಾಂಬೆ ಹೈಕೋರ್ಟು ಅದರ ಪಾಲನೆಯ ಕಲಮುಗಳಿಗೆ ತಡೆ ಕೊಟ್ಟಿತು. ಮೇಲಿನಿಂದ ಬರುವ ನಿಯಮದ ಬೆನ್ನಿಗೆ ಬಾಯಿ ಮುಚ್ಚಿಸುವ ಅಂಜಿಕೆಯೂ ಬರುತ್ತದೆ. ಅದಕ್ಕೇ ನಿಯಮವನ್ನು ನಾವೇ ಮಾಡಿಕೊಳ್ಳಬೇಕು ಎನ್ನುವುದು. ಅಂಥ ಯತ್ನ ಹಿಂದೆಯೂ ನಡೆದಿದೆ. ಅಮೆರಿಕದಲ್ಲಿ 2007ರಲ್ಲಿ ಕ್ಯಾಥಿ ಸಿಯೆರಾ ಎಂಬ ಲೇಖಕಿಗೆ ಜೀವ ಬೆದರಿಕೆ ಬಂದಾಗ, ಪ್ರಕಾಶಕ ಟಿಮ್ ಓರೈಲಿ ಬ್ಲಾಗು ಬರೆಯುವವರಿಗೆಲ್ಲ ಒಂದು ಸ್ವಯಂ ನೀತಿಸಂಹಿತೆಯ ಕರಡು ಮುಂದಿಟ್ಟರು. ಎಲ್ಲರಿಗೂ ಒಂದೇ ನಿಯಮ ಎಂದದ್ದನ್ನು ಬಹಳ ಮಂದಿ ಒಪ್ಪಲಿಲ್ಲ. ಆದರೂ ಮುಖಕ್ಕೆ ಮುಖ ಕೊಟ್ಟು ಹೇಳಲಾಗದ್ದನ್ನು ಬರೆಯಬಾರದು ಎಂಬ ಅದರ ಒಂದು ಮಾತು ನಮ್ಮ ಊರಿಗೆ ಸರಿಯಾಗಿ ಹೊಂದುತ್ತದೆ. ನೀವು ಬೈದು ಬರೆದವರು ಪುತ್ತೂರಿನ ಮಹಾಲಿಂಗೇಶ್ವರನ ಜಾತ್ರೆಯಲ್ಲಿ ಎದುರು ಸಿಗುವವರೇ.

ಮಾದರಿ ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. 1988ರಲ್ಲಿ ಪುತ್ತೂರಿನಲ್ಲಿ ಶುರುವಾದ 'ಅಡಿಕೆ ಪತ್ರಿಕೆ'ಯನ್ನು ನೋಡಿ. ಶ್ರೀ ಪಡ್ರೆಯವರು ಕಟ್ಟಿದ ಆ ಪತ್ರಿಕೆ 'ಕೃಷಿಕರ ಕೈಗೆ ಲೇಖನಿ' ಎಂದು ಹೊರಟಿತು. ಬರೆಯುವವರು ಕೃಷಿಕರೇ, ಬರಹದ ಜೊತೆ ತೋಟದವರ ಫೋನ್ ನಂಬರೂ ಇರುತ್ತದೆ. ಓದಿದವರು ಕರೆ ಮಾಡಿ ಕೇಳಬಹುದು, ಬೇಕಾದರೆ ತೋಟಕ್ಕೇ ಹೋಗಿ ನೋಡಬಹುದು. ಹಾಗಿರುವಾಗ ಉತ್ಪ್ರೇಕ್ಷೆಗೆ ಕೈ ತಾನಾಗಿಯೇ ಹಿಂಜರಿಯುತ್ತದೆ. ನಿಮ್ಮ ಪುಟದ ಮೊದಲ ನಿಯಮವೂ ಇದೇ ಇರಲಿ: ಬರೆದವರ ಹೆಸರು, ಫೋನ್ ನಂಬರ್ ಕೆಳಗೆ ಇರಬೇಕು. ಅಡಿಕೆ ಧಾರಣೆ ಹಾಕಿದರೆ ತಾರೀಕು, ಹೊಸತೋ ಹಳತೋ, ಕ್ಯಾಂಪ್ಕೊ ಸಹಕಾರಿಯ ದರವೋ ಪೇಟೆ ದರವೋ ಎಂಬುದೂ ಇರಬೇಕು. ಕಳೆದ ತಿಂಗಳ ದರ ನಂಬಿ ಚೀಲ ಏರಿಸಿಕೊಂಡು ಹೋದವರ ನಷ್ಟವನ್ನು ನೀವು ತುಂಬಿಕೊಡುವುದಿಲ್ಲವಲ್ಲ.

ಎರಡನೆಯದು ಫೋಟೊ. ಮಾಣಿ–ಮೈಸೂರು ರಸ್ತೆಯಲ್ಲಿ ಅಪಘಾತವಾದರೆ ಮುಖ ಮಬ್ಬು ಮಾಡಿದೆವು ಎಂದು ಸಮಾಧಾನಪಡುತ್ತೀರಿ. ಬೈಕಿನ ನಂಬರು ಕಾಣುತ್ತದೆ, ಹೆಲ್ಮೆಟ್ಟಿನ ಮೇಲಿನ ಸ್ಟಿಕ್ಕರು ಕಾಣುತ್ತದೆ. ಅಮ್ಮನಿಗೆ ಅಷ್ಟು ಸಾಕು. ಮನೆಯವರಿಗೆ ತಿಳಿಯುವ ಮೊದಲು ಹಾಕುವುದಿಲ್ಲ ಎಂದು ಬರೆದುಕೊಳ್ಳಿ. ದೌರ್ಜನ್ಯಕ್ಕೆ ಒಳಗಾದ ಮಕ್ಕಳ ವಿಷಯದಲ್ಲಿ ಪೋಕ್ಸೊ ಕಾಯ್ದೆಯ 23ನೇ ಸೆಕ್ಷನ್ ಹೆಸರು, ಫೋಟೊ ಮಾತ್ರವಲ್ಲ, ಶಾಲೆ, ನೆರೆಕರೆಯ ಸುಳಿವನ್ನೂ ಕೊಡಬಾರದು ಎನ್ನುತ್ತದೆ. ನಮ್ಮಲ್ಲಿ ಬೈಲಿನ ಹೆಸರು ಹೇಳಿದರೆ ಮನೆಯ ಹೆಸರು ಹೇಳಿದ ಹಾಗೆಯೇ. ಇನ್ನು ಎಂಡೋಸಲ್ಫಾನ್ ಕೀಟನಾಶಕದಿಂದ ಪೀಡಿತರಾದ ಮಕ್ಕಳು. ಆ ವಿಷದ ಕತೆಯನ್ನು ಮೊದಮೊದಲು ಹೊರಗೆ ತಂದವರಲ್ಲಿ ಪಡ್ರೆಯವರೂ ಒಬ್ಬರು, ಆದ್ದರಿಂದ ಬರೆಯಬೇಡಿ ಎಂದು ನಾನು ಹೇಳಲಾರೆ. ಆದರೆ ಕೊಯಿಲದ ಪಾಲನಾ ಕೇಂದ್ರದಲ್ಲಿ ಮಲಗಿದ ಮಗುವಿನ ಮುಖ ತೆಗೆಯುವ ಮೊದಲು ಹೆತ್ತವರನ್ನು ಕೇಳಿ. ಅವರು ಬೇಡ ಎಂದರೆ ಅಲ್ಲಿಗೆ ಮುಗಿಯಿತು.

ಮೂರನೆಯದಕ್ಕೆ 2022ರ ಜುಲೈ ನೆನಪು ಮಾಡಿಕೊಳ್ಳಿ. ಹತ್ತು ದಿನದೊಳಗೆ ಜಿಲ್ಲೆಯಲ್ಲಿ ಮೂವರು ಯುವಕರ ಕೊಲೆಯಾಯಿತು. ಅವರಲ್ಲಿ ಇಬ್ಬರ ಮೇಲೆ ದಾಳಿ ನಡೆದದ್ದು ನಮ್ಮ ಬೆಳ್ಳಾರೆ ಆಸುಪಾಸಿನಲ್ಲಿ. ಅಂಥ ರಾತ್ರಿ "ಬಂದ ಹಾಗೆ ಕಳಿಸಿದ್ದೇನೆ" ಎಂದು ಒಂದು ಸಾಲು ಫಾರ್ವರ್ಡ್ ಮಾಡಿದವನೂ ಅದಕ್ಕೆ ಹೊಣೆಗಾರನೇ. ಪೊಲೀಸರಿಂದಲೋ, ಸ್ಥಳದಲ್ಲಿದ್ದವರಿಂದಲೋ ಖಚಿತವಾಗದ ಮಾತು ಹೋಗಬಾರದು. ಬೇರೆಯವರು ಮೊದಲು ಹಾಕಿದರೆ ಹಾಕಲಿ ಬಿಡಿ ಮಾರಾಯ್ರೇ.

ಹಣ ಪಡೆದು ಬರೆದದ್ದಕ್ಕೆ 'ಜಾಹೀರಾತು' ಎಂದು ಮೇಲೆಯೇ ಬರೆಯಿರಿ. ಆರೋಪ ಬರೆಯುವ ಮೊದಲು ಆರೋಪ ಹೊತ್ತವರಿಗೆ ಒಂದು ಫೋನು ಮಾಡಿ. ಬರೆದದ್ದು ತಪ್ಪಾದರೆ ಸದ್ದಿಲ್ಲದೆ ಅಳಿಸಬೇಡಿ. ಯಾವ ಗ್ರೂಪಿಗೆ ಸುಳ್ಳು ಹೋಯಿತೋ ಅದೇ ಗ್ರೂಪಿಗೆ ತಿದ್ದುಪಡಿಯೂ ಹೋಗಲಿ.

ಇಷ್ಟೆಲ್ಲ ಕಟ್ಟಿಕೊಂಡರೆ ಬರೆಯುವುದು ಹೇಗೆ ಎಂದು ಕೇಳಬೇಡಿ. ಯಕ್ಷಗಾನ ತಾಳಮದ್ದಳೆಯ ಅರ್ಥಧಾರಿಗೆ ಮಾತು ಬರೆದುಕೊಟ್ಟವರಿಲ್ಲ, ಹಾಗೆಂದು ಪ್ರಸಂಗ ಬಿಟ್ಟು ಮಾತಾಡುವಂತೆಯೂ ಇಲ್ಲ. ಆ ಮಿತಿಯೊಳಗೇ ಶೇಣಿಯವರಂಥ ಅರ್ಥಧಾರಿಗಳು ಬೆಳಗಿನವರೆಗೆ ಜನರನ್ನು ಕೂರಿಸಿದರು.

ಕೊನೆಯದಾಗಿ, ನಿಯಮ ಬರೆದು ಸಹಿ ಹಾಕುವುದು ಸುಲಭ. ಮುರಿದವನು ನಿಮ್ಮ ಜೊತೆಯಲ್ಲೇ ಚಾ ಕುಡಿಯುವ ದೋಸ್ತಿಯಾದಾಗ ಕಷ್ಟ. ಮೊದಲ ಸಲ ಏನು ಮಾಡುತ್ತೀರಿ, ಎರಡನೇ ಸಲ ಏನು ಮಾಡುತ್ತೀರಿ ಎಂಬುದನ್ನು ಸಹಿ ಹಾಕುವ ದಿನವೇ, ಎಲ್ಲರೂ ಒಳ್ಳೆಯ ಮನಸ್ಸಿನಲ್ಲಿರುವಾಗಲೇ ಬರೆದಿಡಿ. ಆ ಪುಟವನ್ನು ಓದುಗರಿಗೂ ಕೊಡಿ. ನೀವು ಮರೆತರೂ ಅವರು ಮರೆಯುವುದಿಲ್ಲ, ಕೇಳಿಯೇ ಕೇಳುತ್ತಾರೆ.