ಕೇಳದೆ ಕೊಳ್ಳುವ ಅಂಜಿಕೆ

ಪ್ರಶ್ನೆ: ನಾನು ಯಲಬುರ್ಗಾ ತಾಲ್ಲೂಕಿನ ನಿವೃತ್ತ ಶಿಕ್ಷಕ. ಮಲ್ಲಿಕಾರ್ಜುನ ಮನ್ಸೂರರ ಗಾಯನ, ಸಿದ್ಧರಾಮ ಜಂಬಲದಿನ್ನಿಯವರ ವಚನಗಳೆಂದರೆ ನನಗೆ ಪ್ರಾಣ. ಒಂದು ಜೊತೆ ಒಳ್ಳೆಯ ಸ್ಟೀರಿಯೊ ಸ್ಪೀಕರ್‌ಗೆಂದು ಹಣ ಕೂಡಿಟ್ಟಿದ್ದೇನೆ. ದನಿ ಡಬ್ಬಿಯೊಳಗಿಂದ ಬಂದಂತಿರದೆ ಬಿಡುಬೀಸಾಗಿರಬೇಕು. ಕೊಪ್ಪಳ, ಗಂಗಾವತಿ, ಕುಷ್ಟಗಿ ಸುತ್ತಿದೆ; ನನಗೆ ಬೇಕಾದ ಜೋಡಿಯನ್ನು ಹಚ್ಚಿ ಕೇಳಿಸುವವರು ಸಿಗಲಿಲ್ಲ. ಆನ್‌ಲೈನ್‌ನಲ್ಲೇ ತರಿಸಬೇಕು. ‘ಕೇಳದ ಹೆಂಗ ತಗೋತೀರಿ? ರೊಕ್ಕ ಹಾಳ ಮಾಡಬ್ಯಾಡ್ರಿ’ ಅನ್ನುತ್ತಾಳೆ ಮನೆಯಾಕೆ. ರಾತ್ರಿ ನಿದ್ದೆ ಬರುತ್ತಿಲ್ಲ.
– ಹೆಸರು ಬೇಡ

ಉತ್ತರ: ಗುರುಗಳೇ, ನಿಮ್ಮ ಅಂಜಿಕೆ ಸಹಜವಾದದ್ದು. ಪಿಂಚಣಿಯಲ್ಲಿ ಉಳಿಸಿದ ದುಡ್ಡನ್ನು ಕಣ್ಣಿಗೂ ಕಿವಿಗೂ ಸಿಗದ ವಸ್ತುವಿಗೆ ಕೊಡುವಾಗ ಯಾರ ಕೈಯಾದರೂ ತಡೆಯುತ್ತದೆ. ಪತ್ರದ ಕೊನೆಯಲ್ಲಿ ನೀವು ಬರೆದು ಹೊಡೆದುಹಾಕಿದ ಸಾಲೊಂದಿದೆ: ‘ಈ ವಯಸ್ಸಿನಲ್ಲಿ ಇದೆಲ್ಲ ಬೇಕಾ?’ ಅದು ನನಗೆ ಓದಲು ಸಿಕ್ಕಿತು. ಹಾಡು ಚೆನ್ನಾಗಿ ಕೇಳಬೇಕೆನ್ನುವ ಆಸೆಗೆ ಯಾರ ಅಪ್ಪಣೆಯೂ ಬೇಕಿಲ್ಲ. ನಿಮ್ಮ ನಿದ್ದೆ ಕೆಡಿಸುತ್ತಿರುವುದು ಸ್ಪೀಕರಿಗಿಂತ ಹೆಚ್ಚಾಗಿ, ಆಯ್ಕೆ ತಪ್ಪಿದರೆ ಮನೆಯವರ ಮುಂದೆ ಸಣ್ಣವನಾಗುತ್ತೇನೆ ಎಂಬ ಭಯ ಅನ್ನಿಸುತ್ತದೆ. ಆಸೆಯನ್ನೂ ಭಯವನ್ನೂ ಬೇರೆಬೇರೆಯಾಗಿ ನೋಡೋಣ.

ಅಂಗಡಿಯಲ್ಲಿ ಕೇಳಿ ತಂದರೆ ತಪ್ಪಾಗದು ಎಂದುಕೊಳ್ಳಬೇಡಿ. ಹುಬ್ಬಳ್ಳಿಗೆ ರೈಲು ಹತ್ತಿ ಹೋಗಿ ಕೇಳಿ ಬರಬಹುದು, ಆದರೆ ಆ ಕೋಣೆ ನಿಮ್ಮದಲ್ಲ. ಕೇಳದೆಯೂ ಆರಿಸಲು ದಾರಿಯಿದೆ. ಕೆನಡಾದ ರಾಷ್ಟ್ರೀಯ ಸಂಶೋಧನಾ ಮಂಡಳಿಯಲ್ಲಿ ಫ್ಲಾಯ್ಡ್ ಟೂಲ್ ಎಂಬ ವಿಜ್ಞಾನಿ, ಸ್ಪೀಕರುಗಳನ್ನು ಪರದೆಯ ಹಿಂದಿಟ್ಟು ಜನರಿಗೆ ಕೇಳಿಸಿ ವರ್ಷಗಟ್ಟಲೆ ಅಭ್ಯಾಸ ಮಾಡಿದರು. ಹೆಸರು, ಬೆಲೆ ಕಾಣದಿದ್ದಾಗ ಹೆಚ್ಚಿನವರು ಮೆಚ್ಚಿದ್ದು ಎದುರಿಗೂ ಪಕ್ಕಕ್ಕೂ ಒಂದೇ ಹದದಲ್ಲಿ ದನಿ ಹರಡುವ ಸ್ಪೀಕರುಗಳನ್ನು. ಆ ಗುಣವನ್ನು ಅಳೆಯಬಹುದು, ಅಳೆದ ನಕ್ಷೆಗಳು ಅಂತರ್ಜಾಲದಲ್ಲಿ ಸಿಗುತ್ತವೆ. ನಿಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಒಬ್ಬ ಎಂಜಿನಿಯರ್ ಇದ್ದೇ ಇರುತ್ತಾನೆ. ಜೊತೆಗೆ ಕೂತು ನೋಡಲು ಕರೆಯಿರಿ, ಸಂತೋಷದಿಂದ ಬರುತ್ತಾನೆ. ನಕ್ಷೆಯ ಗೆರೆಯಲ್ಲಿ ದೊಡ್ಡ ಉಬ್ಬುತಗ್ಗು ಇರಬಾರದು, ಇಷ್ಟು ನೋಡಿದರೆ ಸಾಕು.

ಒಂದು ಎಚ್ಚರಿಕೆ ಮಾತ್ರ ಹೇಳಲೇಬೇಕು. ‘ಮುಕ್ತ ದನಿ’ ಎಂಬ ಹೊಗಳಿಕೆಯ ಹಿಂದೆ ಎಷ್ಟೋ ಸಲ ಇರುವುದು ಬರೀ ಹೆಚ್ಚಿಸಿದ ಟ್ರೆಬಲ್. ಹತ್ತು ನಿಮಿಷ ಹಿತವಾಗಿರುತ್ತದೆ, ಒಂದು ರಾಗ ಮುಗಿಯುವಷ್ಟರಲ್ಲಿ ಕಿವಿ ದಣಿಯುತ್ತದೆ. ನೀವು ಕೇಳುವ ಹಳೆಯ ಧ್ವನಿಮುದ್ರಣಗಳಲ್ಲಿ ಟೇಪಿನ ಸುಯ್ ಎನ್ನುವ ಸದ್ದು ಬೇರೆ ಇರುತ್ತದೆ. ಅಂಥ ಸ್ಪೀಕರು ಅದನ್ನೇ ಎತ್ತಿ ಕೇಳಿಸುತ್ತದೆ. ಇನ್ನು, ವ್ಯಾಟ್ ಲೆಕ್ಕವನ್ನು ಮೈಕ್‌ಸೆಟ್‌ನವರಿಗೆ ಬಿಡಿ. ವ್ಯಾಟ್ ಇಮ್ಮಡಿಯಾದರೂ ದನಿ ಏರುವುದು 3 ಡೆಸಿಬಲ್ ಮಾತ್ರ. ನಿಮ್ಮ ಆಂಪ್ಲಿಫೈಯರಿಗೆ 8 ಓಮ್‌ನ ಸ್ಪೀಕರ್ ಹೊಂದುತ್ತದೆಯೇ ಎಂದು ನೋಡಿಕೊಳ್ಳಿ.

ಬಿಡುಬೀಸಾದ ದನಿಯ ದೊಡ್ಡ ಪಾಲು ಇರುವುದು ನಿಮ್ಮ ಮನೆಯಲ್ಲೇ. ನಮ್ಮ ಕಡೆ ಕಲ್ಲಿನ ನೆಲ, ಆರ್‌ಸಿಸಿ ಮಾಳಿಗೆ, ಬೋಳು ಗೋಡೆ. ಚಪ್ಪಾಳೆ ತಟ್ಟಿದರೆ ಸದ್ದು ಮರಳಿ ಬರುತ್ತದೆ. ಸ್ಪೀಕರಿನ ಎದುರು ಜಮಖಾನೆ ಹಾಸಿ, ಪಕ್ಕದ ಗೋಡೆಗೆ ದಪ್ಪನೆಯ ಕೌದಿ ತೂಗುಹಾಕಿ. ಶೋಕೇಸಿನೊಳಗೆ ಸ್ಪೀಕರ್ ತುರುಕಬೇಡಿ, ಡಬ್ಬಿಯ ದನಿ ಹುಟ್ಟುವುದೇ ಅಲ್ಲಿ. ಹಿಂದಿನ ಗೋಡೆಯಿಂದ ಒಂದೂವರೆ, ಎರಡು ಅಡಿ ಈಚೆಗಿಡಿ. ಎರಡು ಸ್ಪೀಕರುಗಳ ನಡುವೆ ಎಷ್ಟು ದೂರವೋ ನಿಮಗೂ ಅವಕ್ಕೂ ಸುಮಾರು ಅಷ್ಟೇ ದೂರ ಇರಲಿ. ಟ್ರೆಬಲ್ ಹೊಮ್ಮಿಸುವ ಸಣ್ಣ ಘಟಕ, ಅಂದರೆ ಟ್ವೀಟರ್, ಕಿವಿಯ ಮಟ್ಟಕ್ಕೆ ಬರಬೇಕು. ನೀವು ನೆಲದ ಮೇಲೆ ಕೂತು ಕೇಳುವವರಾದರೆ ಅದು ಎರಡೂವರೆ ಅಡಿಯ ಆಸುಪಾಸು. ಆಮೇಲೆ ಮನ್ಸೂರರ ಒಂದು ಮೋನೋ ಧ್ವನಿಮುದ್ರಣ ಹಚ್ಚಿ. ಎರಡು ಸ್ಪೀಕರುಗಳ ನಟ್ಟನಡುವೆ, ಏನೂ ಇಲ್ಲದ ಜಾಗದಿಂದ ದನಿ ಬರಬೇಕು. ಬರದಿದ್ದರೆ ಅಂಗೈಯಗಲ ಆಚೀಚೆ ಸರಿಸಿ ನೋಡಿ.

ಈಗ ಭಯದ ಮಾತು. ತಪ್ಪಾದರೆ ಮರಳಿಸಬಹುದಾದ ಕಡೆಯೇ ಕೊಳ್ಳಿ. ಆನ್‌ಲೈನ್ ಮಾರಾಟಗಾರರು ವಾಪಸಾತಿ, ಹಣ ಮರುಪಾವತಿ, ವಾರಂಟಿಯ ಷರತ್ತುಗಳನ್ನು ತೋರಿಸಲೇಬೇಕೆಂದು 2020ರ ಇ-ಕಾಮರ್ಸ್ ನಿಯಮಗಳಿವೆ. ಆರ್ಡರ್ ಮಾಡುವ ಮುನ್ನ ಆ ಷರತ್ತುಗಳನ್ನು ಮನೆಯವರ ಜೊತೆ ಕೂತು ಓದಿ. ‘ಇಂಥ ತಾರೀಖಿನೊಳಗೆ ಹಿಡಿಸದಿದ್ದರೆ ಹಿಂದಕ್ಕೆ ಕಳಿಸುತ್ತೇನೆ’ ಎಂದು ಅವರಿಗೆ ಹೇಳಿ, ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಅವರ ಮಾತು ಬೈಗುಳವಲ್ಲ, ನಿಮ್ಮ ಉಳಿತಾಯದ ಕಾಳಜಿ. ಅವರ ಮೆಚ್ಚಿನ ಹಾಡನ್ನೂ ಪರೀಕ್ಷೆಗೆ ಹಚ್ಚಿ. ರಟ್ಟಿನ ಪೆಟ್ಟಿಗೆ, ಥರ್ಮಾಕೋಲ್, ಬಿಲ್ ಆ ತಾರೀಖಿನವರೆಗೆ ಅಟ್ಟದ ಮೇಲಿರಲಿ. ಮಾರಾಟಗಾರರು ಸತಾಯಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ.

ಎರಡು ಮೂರು ಜೋಡಿಗಳನ್ನು ಆರಿಸಿದ ಮೇಲೆ ಹೊಸ ವಿಮರ್ಶೆ ಓದುವುದನ್ನು ನಿಲ್ಲಿಸಿ, ರಾತ್ರಿ ಊಟದ ನಂತರವಂತೂ ಬೇಡ. ತೀರ್ಮಾನವಾದ ಮೇಲೂ ನಿದ್ದೆ ಬಾರದಿದ್ದರೆ, ಬೇರೆ ಸಣ್ಣಪುಟ್ಟ ವಿಷಯಗಳಲ್ಲೂ ಇದೇ ತಳಮಳವಿದ್ದರೆ, ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಕರೆ ಉಚಿತ, ಹಗಲುರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು.